ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್: ಅಭಿನಯ ಮಾಡುವವರು ತೆಗೆದುಕೊಳ್ಳಬಹುದಾ?

ಗೆಜ್ಜೆ ಟೀಚರ್, ಕುಂಜಿಬೆಟ್ಟು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಭರತನಾಟ್ಯ ಕಲಿಸುತ್ತೇನೆ, ವಯಸ್ಸು 46. ಎರಡು ಹುಬ್ಬುಗಳ ನಡುವೆ ನೆಟ್ಟಗೆ ಎರಡು ಗೆರೆ ಬಿದ್ದಿವೆ. ಮೊದಲು ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣುತ್ತಿತ್ತು, ಈಗ ಸುಮ್ನೆ ಕೂತಿದ್ದರೂ ಕಾಣುತ್ತದೆ. ಹೊಸದಾಗಿ ಸೇರಿದ ಪುಟ್ಟ ಮಕ್ಕಳು ಮನೆಗೆ ಹೋಗಿ "ಟೀಚರ್‌ಗೆ ನನ್ನ ಮೇಲೆ ಸಿಟ್ಟಾ" ಅಂತ ಕೇಳುತ್ತಾರಂತೆ. ಚಂದ ಕಾಣಬೇಕು ಅನ್ನುವುದಕ್ಕಿಂತ ಇದೇ ನನಗೆ ಜಾಸ್ತಿ ಬೇಸರ.

ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆ ವಿಚಾರಿಸಿದೆ. ಹಣೆ, ಹುಬ್ಬಿನ ನಡು, ಕಣ್ಣಿನ ಬದಿ ಮೂರೂ ಸೇರಿಸಿ ಪ್ಯಾಕೇಜ್ ಉಂಟು, ನವರಾತ್ರಿಗೆ ಮೊದಲು ಮಾಡಿಸಿದರೆ ರಿಯಾಯಿತಿ ಅಂದರು. ನನ್ನ ಕೆಲಸ ಎಂತ ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಹುಬ್ಬಿಗೇ ಏಳು ಬಗೆಯ ಚಲನೆ ಹೇಳಿದ್ದಾರೆ. ಹುಬ್ಬು ಮೇಲೆ ಹೋಗದಿದ್ದರೆ ಅದ್ಭುತ ಹೇಗೆ ತೋರಿಸುವುದು, ಗಂಟಿಕ್ಕಲು ಆಗದಿದ್ದರೆ ರೌದ್ರ ಹೇಗೆ? ನವರಾತ್ರಿಯಲ್ಲಿ ಎರಡು ಕಡೆ ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ, ಒಂದರಲ್ಲಿ ಮಹಿಷಮರ್ದಿನಿ. ಮಾಡಿಸಿದವರು, ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಬಿಜೈ ಅಮ್ಮ

ಟೀಚರ್, ನಾನು ಹುಬ್ಬಿನ ನಡುವೆ ಮತ್ತು ಕಣ್ಣಿನ ಬದಿಗೆ ಮಾಡಿಸಿಕೊಳ್ಳುತ್ತೇನೆ, ನನಗೆ ತೃಪ್ತಿ ಇದೆ. ನೋವು ಇರುವೆ ಕಚ್ಚಿದಷ್ಟು, ಅಷ್ಟೇ. ಅವತ್ತೇ ಎಂತದೂ ಗೊತ್ತಾಗುವುದಿಲ್ಲ. ಮೂರ್ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರದಲ್ಲಿ ಪೂರ್ತಿ ಹಿಡಿಯುತ್ತದೆ. ಮೂರು ತಿಂಗಳು ಚೆನ್ನಾಗಿರುತ್ತದೆ, ನಾಲ್ಕನೇ ತಿಂಗಳಿಗೆ ನಿಧಾನವಾಗಿ ವಾಪಸ್. ಆದರೆ ನಾನು ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವಳು, ನನ್ನ ಹುಬ್ಬು ಅಲ್ಲಾಡದಿದ್ದರೆ ಯಾರಿಗೂ ನಷ್ಟ ಇಲ್ಲ. ನಿಮ್ಮ ವಿಷಯ ಹಾಗಲ್ಲ ಅಲ್ವಾ. ಡಾಕ್ಟ್ರು ಯಾರಾದರೂ ಇದ್ದರೆ ಉತ್ತರಿಸಿ.

ಕಾರ್ಕಳ ಮಾಸ್ಟ್ರು

ವಯಸ್ಸಾದ ಮೇಲೆ ಗೆರೆ ಬರುತ್ತದೆ. ನಮ್ಮ ಅಮ್ಮಂದಿರ ಮುಖದಲ್ಲಿ ಇರಲಿಲ್ಲವಾ? ವಿಷವನ್ನು ಮುಖಕ್ಕೆ ಚುಚ್ಚಿಸಿಕೊಳ್ಳುವುದು ಯಾಕೆ ಅಂತ ನನಗಂತೂ ಅರ್ಥ ಆಗುವುದಿಲ್ಲ. ಟೀಚರ್ ತಪ್ಪು ತಿಳಿಯಬೇಡಿ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಮಣಿಪಾಲದ ಚರ್ಮತಜ್ಞೆ

ಮಾಸ್ಟ್ರೇ, ವಿಷ ಅನ್ನುವುದು ನಿಜ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಕ್ಲಾಸ್ಟ್ರಿಡಿಯಂ ಬೊಟ್ಯುಲಿನಂ ಅನ್ನುವ ಬ್ಯಾಕ್ಟೀರಿಯಾ ಮಾಡುವ ವಿಷವೇ ಇದು. ಕೆಟ್ಟ ಆಹಾರದಿಂದ ಬರುವ ಬೊಟ್ಯುಲಿಸಂ ಕಾಯಿಲೆಗೂ ಅದೇ ಕಾರಣ. ಆದರೆ ಔಷಧದಲ್ಲಿ ಇರುವ ಪ್ರಮಾಣ ಬಹಳ ಬಹಳ ಸಣ್ಣದು. ಇದು ಮೊದಲು ಬಂದದ್ದು ಕಣ್ಣಿನ ಚಿಕಿತ್ಸೆಗೆ. ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ತೊಂದರೆಗೆ ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿತು. ಕೆನಡಾದ ವ್ಯಾಂಕೂವರ್‌ನಲ್ಲಿ ಜೀನ್ ಕ್ಯಾರಥರ್ಸ್ ಅಂತ ಕಣ್ಣಿನ ಡಾಕ್ಟರು. ಅವರಲ್ಲಿ ರೆಪ್ಪೆಯ ತೊಂದರೆಗೆ ಬರುತ್ತಿದ್ದವರ ಹುಬ್ಬಿನ ಗೆರೆಯೂ ಮಾಯವಾಗುತ್ತಿತ್ತು. ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರು. ಇಬ್ಬರೂ ಸೇರಿ 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹುಬ್ಬಿನ ಗೆರೆಗೆ ಅಂತಲೇ ಅಮೆರಿಕದ ಒಪ್ಪಿಗೆ ಬಂದದ್ದು 2002ರಲ್ಲಿ. ಇವತ್ತಿಗೂ ಜೋರು ಮೈಗ್ರೇನ್‌ಗೆ, ಕಂಕುಳಲ್ಲಿ ವಿಪರೀತ ಬೆವರುವುದಕ್ಕೆ ಇದನ್ನೇ ಕೊಡುತ್ತೇವೆ.

ಟೀಚರ್, ಈಗ ನಿಮ್ಮ ಪ್ರಶ್ನೆ. ಈ ಔಷಧ ಗೆರೆಯನ್ನು ತುಂಬುವುದಿಲ್ಲ, ಚರ್ಮವನ್ನು ಎಳೆಯುವುದೂ ಇಲ್ಲ. ನರದಿಂದ ಸ್ನಾಯುವಿಗೆ "ಬಿಗಿ ಹಿಡಿ" ಅಂತ ಹೇಳುವ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಗೆ ಬಾರದ ಹಾಗೆ ತಡೆಯುತ್ತದೆ. ಚುಚ್ಚಿದ ಜಾಗದ ಸ್ನಾಯು ಸಡಿಲವಾಗುತ್ತದೆ, ಅದರ ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. ಆಮೇಲೆ ನರ ಚೇತರಿಸಿಕೊಂಡು ಮೊದಲಿನ ಹಾಗೆ ಆಗುತ್ತದೆ. ಹಾಗಾಗಿ ಯಾವ ಸ್ನಾಯುವಿಗೆ ಹಾಕುತ್ತಾರೆ ಅನ್ನುವುದೇ ಎಲ್ಲ.

ಹುಬ್ಬನ್ನು ಮೇಲೆ ಎತ್ತುವುದು ಹಣೆಯ ಸ್ನಾಯು ಒಂದೇ, ಬೇರೆ ಯಾವುದೂ ಇಲ್ಲ. ಗಂಟಿಕ್ಕಿಸುವುದು ಹುಬ್ಬಿನ ನಡುವಿನ ಬೇರೆ ಸ್ನಾಯುಗಳು. ನಿಮಗೆ ಹಣೆಗೆ ಹಾಕಿಸುವುದು ಖಂಡಿತ ಬೇಡ. ಅದ್ಭುತವೂ ಹೋಗುತ್ತದೆ, ಭಯವೂ ಹೋಗುತ್ತದೆ, ಜಾಸ್ತಿಯಾದರೆ ಹುಬ್ಬು ಕೆಳಗೆ ಜಾರಿ ಕಣ್ಣು ಭಾರ ಅನಿಸುತ್ತದೆ. 45 ದಾಟಿದವರಲ್ಲಿ ಕೆಲವರು ರೆಪ್ಪೆ ಇಳಿದದ್ದನ್ನು ಗೊತ್ತಿಲ್ಲದೇ ಹಣೆ ಎತ್ತಿ ಸರಿದೂಗಿಸುತ್ತಿರುತ್ತಾರೆ, ಅವರಿಗಂತೂ ಈ ಭಾರ ತುಂಬಾ ಗೊತ್ತಾಗುತ್ತದೆ. ಆ ಪ್ಯಾಕೇಜ್ ಮರೆತುಬಿಡಿ.

ಹುಬ್ಬಿನ ನಡುವಿಗೆ ಮಾತ್ರ ಹಾಕಬಹುದು. ಸಾಮಾನ್ಯ ಲೆಕ್ಕ ಐದು ಕಡೆ ಸೇರಿ 20 ಯೂನಿಟ್, ಬೊಟಾಕ್ಸ್ ಬ್ರ್ಯಾಂಡ್ ಆದರೆ. ಅಷ್ಟು ಹಾಕಿದರೆ ನಿಮ್ಮ ಭ್ರುಕುಟಿ ಬಹುತೇಕ ನಿಂತೇ ಹೋಗುತ್ತದೆ. ಅಭಿನಯದವರಿಗೆ ನಾನು ಕಡಿಮೆ ಡೋಸಿನಿಂದ ಶುರು ಮಾಡುತ್ತೇನೆ. ಎರಡು ವಾರ ಬಿಟ್ಟು ನೋಡಿ ಬೇಕಾದರೆ ಸೇರಿಸಬಹುದು. ಒಮ್ಮೆ ಹಾಕಿದ್ದನ್ನು ತೆಗೆಯಲು ಔಷಧ ಇಲ್ಲ, ಅದು ಇಳಿಯುವವರೆಗೆ ಕಾಯಬೇಕು. ಇನ್ನೊಂದು ಮಾತು: ಸುಮ್ನೆ ಕೂತಾಗಲೂ ಕಾಣುವ ಗೆರೆ ಪೂರ್ತಿ ಅಳಿಸಿಹೋಗುವುದು ಕಷ್ಟ, ಮೆತ್ತಗಾಗುತ್ತದೆ. ನವರಾತ್ರಿಗೆ ಮೊದಲು ಮಾತ್ರ ಮಾಡಿಸಬೇಡಿ. ಮೊದಲ ಸಲ ನಿಮ್ಮ ಮುಖ ಹೇಗೆ ವರ್ತಿಸುತ್ತದೆ ಅಂತ ವೇದಿಕೆ ಮೇಲೆ ಪರೀಕ್ಷೆ ಮಾಡುವುದು ಬೇಡ.

ಗೆಜ್ಜೆ ಟೀಚರ್, ಕುಂಜಿಬೆಟ್ಟು

ಡಾಕ್ಟ್ರೇ, ತುಂಬಾ ಉಪಕಾರ ಆಯಿತು. ಹಣೆಯ ಸ್ನಾಯು ಬೇರೆ, ಗಂಟಿಕ್ಕುವುದು ಬೇರೆ ಅಂತ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಓದಿದ ಮೇಲೆ ಕನ್ನಡಿ ಮುಂದೆ ನಿಂತು ಒಂದೊಂದೇ ರಸ ಮಾಡಿ ನೋಡಿದೆ. ಕರುಣಕ್ಕೆ ಹುಬ್ಬಿನ ಒಳತುದಿ ಮೇಲೆ ಹೋಗುತ್ತದೆ, ಅದೇ ಹೊತ್ತಿಗೆ ನಡುವೆ ಗಂಟೂ ಬೀಳುತ್ತದೆ. ಎರಡೂ ಸ್ನಾಯು ಒಟ್ಟಿಗೆ ಬೇಕು. ರೌದ್ರಕ್ಕಿಂತ ನನಗೆ ಕರುಣದ್ದೇ ಚಿಂತೆ ಈಗ. ರೌದ್ರವನ್ನು ಕಣ್ಣು, ಮೂಗು, ತುಟಿಯಲ್ಲಿ ಸ್ವಲ್ಪ ನಿಭಾಯಿಸಬಹುದು.

ವೇಷಧಾರಿ

ನಾನು ತೆಂಕುತಿಟ್ಟಿನ ಯಕ್ಷಗಾನದಲ್ಲಿ ಸ್ತ್ರೀವೇಷದವನು, ನಲವತ್ತು ದಾಟಿದೆ. ಈ ವಿಷಯ ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಮೊದಲೆಲ್ಲ ಗದ್ದೆಯಲ್ಲಿ ಆಟ, ಪ್ರೇಕ್ಷಕರು ದೂರ, ಬಣ್ಣ ಹಚ್ಚಿದರೆ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಈಗ ಪ್ರತಿ ಆಟವೂ ಲೈವ್. ಕ್ಯಾಮೆರಾ ಮುಖದ ಹತ್ತಿರವೇ ಬಂದು ನಿಲ್ಲುತ್ತದೆ. ದಮಯಂತಿ ಮಾಡಿದಾಗ ಕೆಳಗೆ "ಅಜ್ಜಿ ದಮಯಂತಿ" ಅಂತ ಯಾರೋ ಬರೆದಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಾನು ಮಾಡಿಸಿದ್ದು ಪತ್ತನಾಜೆ ಕಳೆದ ಮೇಲೆ. ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುತ್ತದೆ, ಮತ್ತೆ ಹೊರಡುವುದು ನವೆಂಬರ್ ಹೊತ್ತಿಗೆ. ನಡುವೆ ಮಳೆಗಾಲದ ಸಣ್ಣಪುಟ್ಟ ಆಟ, ತಾಳಮದ್ದಳೆ ಮಾತ್ರ. ಔಷಧದ ಗಟ್ಟಿ ಪರಿಣಾಮ ಎಲ್ಲ ಆ ತಿಂಗಳುಗಳಲ್ಲೇ ಮುಗಿದುಹೋಗುತ್ತದೆ. ಮೇಳ ಹೊರಡುವಾಗ ಹುಬ್ಬು ಪೂರ್ತಿ ನನ್ನ ಹಿಡಿತಕ್ಕೆ ಬಂದಿತ್ತು, ಗೆರೆ ಮಾತ್ರ ಮೊದಲಿನಷ್ಟು ಆಳ ಇರಲಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಆಟದ ಸಮಯದಲ್ಲಿ ಪರಿಣಾಮ ಇಲ್ಲದಿದ್ದರೆ ಎಂತ ಲಾಭ ಅಂತ ಮನೆಯಲ್ಲಿ ಕೇಳಿದರು. ನನಗೆ ಅಷ್ಟು ಸಾಕು. ಭಾವ ಬಾರದ ನುಣುಪು ಮುಖ ಇಟ್ಟುಕೊಂಡು ರಂಗಸ್ಥಳಕ್ಕೆ ಹೋಗಲು ನನಗೆ ಮನಸ್ಸಿಲ್ಲ.

ಒಂದು ಎಚ್ಚರಿಕೆ. ಚುಚ್ಚಿಸಿದ ದಿನ ಆ ಜಾಗ ಉಜ್ಜಬಾರದು, ಒತ್ತಬಾರದು ಅಂತ ಹೇಳಿದ್ದರು. ನಮಗೆ ಹಣೆಗೆ ಬಟ್ಟೆ ಬಿಗಿದು ಕಟ್ಟಿ, ಅದರ ಮೇಲೆ ತಲೆಯ ಕಟ್ಟು, ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಾಕಿ ಗಸಗಸ ಉಜ್ಜಿ ಬಣ್ಣ ತೆಗೆಯುವುದು. ವೇಷ ಇರುವ ದಿನ ಇದನ್ನು ಮಾಡಿಸಲೇಬಾರದು.

ಬಿಜೈ ಅಮ್ಮ

ಅಣ್ಣಾ, ನೀವು ಬರೆದದ್ದು ಓದಿ ಕಣ್ಣು ತುಂಬಿ ಬಂತು. ಆ ಕಮೆಂಟ್ ಹಾಕಿದವರಿಗೆ ರಾತ್ರಿಯಿಡೀ ನಿಂತು ಕುಣಿಯುವ ಕಷ್ಟ ಗೊತ್ತಿಲ್ಲ.

ಪಡುಬಿದ್ರಿ ಸಿಸ್ಟರ್

ನಾನು ದುಬೈಯಲ್ಲಿ ಚರ್ಮದ ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದೆ, ಈಗ ಊರಿನಲ್ಲೇ ಇದ್ದೇನೆ. ಎಲ್ಲರೂ ರೇಟ್ ಕೇಳುತ್ತಾರೆ, ಬಾಟಲಿ ಯಾರೂ ನೋಡುವುದಿಲ್ಲ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬೊಟಾಕ್ಸ್ ಬಾಟಲಿ ಕೈಗೆ ತೆಗೆದುಕೊಂಡರೆ ಖಾಲಿ ಅನಿಸುತ್ತದೆ. ತಳದಲ್ಲಿ ತೆಳ್ಳಗೆ ಬಿಳಿ ಪೊರೆ ಅಂಟಿಕೊಂಡಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನಲ್ಲೇ ಇಡಬೇಕು. ಸಲೈನ್ ತುಂಬಿದ ಸಿರಿಂಜಿನ ಸೂಜಿ ಮುಚ್ಚಳಕ್ಕೆ ಚುಚ್ಚಿದ ಕೂಡಲೇ ಬಾಟಲಿ ತಾನಾಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಒಳಗೆ ಗಾಳಿ ತೆಗೆದಿರುತ್ತಾರೆ ನೋಡಿ. ಎಳೆದುಕೊಳ್ಳದಿದ್ದರೆ ಆ ಬಾಟಲಿ ಬಳಸಬಾರದು. ಕಲಸಿದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು ಅಂತ ಕಂಪನಿಯೇ ಬರೆದಿರುತ್ತದೆ. ಹಾಗಾಗಿ "ಬಾಟಲಿ ನಮ್ಮ ಮುಂದೆಯೇ ತೆರೆಯಿರಿ, ಬ್ಯಾಚ್ ನಂಬರ್ ಫೈಲಿನಲ್ಲಿ ಬರೆಯಿರಿ" ಅಂತ ಕೇಳಿ. ಒಳ್ಳೆಯ ಡಾಕ್ಟ್ರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲೇ ಸಿರಿಂಜಿಗೆ ತುಂಬಿಸಿ ಟ್ರೇಯಲ್ಲಿ ತಂದರೆ ಒಳಗೆ ಎಷ್ಟು ಉಂಟು, ಎಂತ ಉಂಟು ಅಂತ ಹೇಗೆ ತಿಳಿಯುವುದು? ಸಲೈನ್ ಜಾಸ್ತಿ ಹಾಕಿ ತೆಳ್ಳಗೆ ಮಾಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಒಂದೂವರೆ ತಿಂಗಳಿಗೆ ಪರಿಣಾಮ ಇಳಿದಾಗ "ನಿಮ್ಮ ಬಾಡಿ ಹಾಗೆ" ಅಂತ ಹೇಳಿ ಕಳಿಸುತ್ತಾರೆ.

ಯೂನಿಟ್ ಲೆಕ್ಕವೂ ಬ್ರ್ಯಾಂಡಿಗೆ ತಕ್ಕಂತೆ ಬೇರೆ. ಬೊಟಾಕ್ಸ್ 20 ಯೂನಿಟ್ ಹಾಕುವ ಜಾಗಕ್ಕೆ ಡಿಸ್‌ಪೋರ್ಟ್ ಆದರೆ 50 ಯೂನಿಟ್. "ಅಲ್ಲಿ 20, ನಾವು 50 ಹಾಕುತ್ತೇವೆ, ರೇಟ್ ಅದೇ" ಅಂದರೆ ಖುಷಿಪಡಬೇಡಿ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಡಿಸ್‌ಪೋರ್ಟ್ ತೆಗೆದುಕೊಳ್ಳಬಾರದು. ಬಸುರಿಯರಿಗೆ, ಹಾಲುಣಿಸುವವರಿಗೆ ಯಾವುದೂ ಬೇಡ. ಮಯಸ್ತೇನಿಯಾ ಥರದ ನರ-ಸ್ನಾಯುವಿನ ಕಾಯಿಲೆ ಇರುವವರು ಮೊದಲೇ ಹೇಳಬೇಕು. ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುವವರೂ ಹೇಳಿ, ಆದರೆ ಹೃದಯದ ಡಾಕ್ಟ್ರನ್ನು ಕೇಳದೇ ಮಾತ್ರೆ ನಿಲ್ಲಿಸಬೇಡಿ.

ಸುರತ್ಕಲ್ ಹುಡುಗಿ

ಅಕ್ಕಂದಿರೇ, ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಹದಿನೈದು ದಿನದಲ್ಲಿ ಮದುವೆ. ತುಟಿಗೆ ಮತ್ತು ಕಣ್ಣಿನ ಕೆಳಗೆ ಫಿಲ್ಲರ್ (ತುಂಬಿಸುವ ಜೆಲ್) ಹಾಕಿಸೋಣ ಅಂತ ಇದ್ದೇನೆ. ನಮ್ಮ ಮೇಕಪ್‌ನವರ ಪರಿಚಯದ ಪಾರ್ಲರ್‌ನಲ್ಲೇ ಹಾಕುತ್ತಾರಂತೆ. ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಕ್ಕೆ ಮೊದಲು ಆದರೆ ಒಳ್ಳೆಯದಾ, ಆಮೇಲಾ?

ಪಡುಬಿದ್ರಿ ಸಿಸ್ಟರ್

ಮಗಾ, ಮೊದಲೂ ಬೇಡ, ಆಮೇಲೂ ಬೇಡ. ತುಟಿ ಊದಿಕೊಳ್ಳುತ್ತದೆ, ಕಣ್ಣಿನ ಕೆಳಗೆ ನೀಲಿಗಟ್ಟುತ್ತದೆ. ರೋಸ್ ದಿನ ಸಂಬಂಧಿಕರೆಲ್ಲ ತೆಂಗಿನ ಹಾಲು ಹಚ್ಚಿ ಮುಖ ತಿಕ್ಕುತ್ತಾರೆ, ಹೊಸ ಫಿಲ್ಲರ್ ಇರುವಾಗ ಅದು ಆಗಲೇಬಾರದು. ತುಟಿಯಲ್ಲಿ ಯಾವಾಗಲಾದರೂ ಜ್ವರದ ಗುಳ್ಳೆ ಎದ್ದಿತ್ತಾ? ಎದ್ದಿದ್ದರೆ ಸೂಜಿ ಚುಚ್ಚಿದಾಗ ಮತ್ತೆ ಏಳಬಹುದು. ಪಾರ್ಲರ್‌ನಲ್ಲಂತೂ ಯಾವ ಕಾಲಕ್ಕೂ ಬೇಡ.

ಅತ್ತಾವರ ನಾದಿನಿ

ಸಿಸ್ಟರ್ ಹೇಳಿದ್ದು ಕೇಳು ತಂಗಿ. ನಮ್ಮ ಅತ್ತಿಗೆ ಒಂದು ಪಾರ್ಲರ್‌ನಲ್ಲಿ ಮೂಗಿನ ಬದಿಯ ಗೆರೆಗೆ ಫಿಲ್ಲರ್ ಹಾಕಿಸಿಕೊಂಡರು. ಹಾಕುತ್ತಿರುವಾಗಲೇ ವಿಪರೀತ ನೋವು. ಮೂಗಿನ ಬದಿಯಿಂದ ಮೇಲ್ತುಟಿಯವರೆಗೆ ಚರ್ಮ ಬೆಳ್ಳಗಾಯಿತು, ಸ್ವಲ್ಪ ಹೊತ್ತಿಗೆ ಬಲೆ ಹಾಕಿದ ಹಾಗೆ ನೀಲಿ ನೀಲಿ. ಅಲ್ಲಿಯವರು "ಐಸ್ ಇಡಿ, ನಾಳೆಗೆ ಸರಿಯಾಗುತ್ತದೆ" ಅಂದರು. ಮನೆಗೆ ಬಂದ ಮೇಲೆ ನನಗೆ ನೋಡಲಾಗಲಿಲ್ಲ, ರಿಕ್ಷಾ ಹಿಡಿದು ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ಯೂಟಿ ಡಾಕ್ಟ್ರು ಚರ್ಮದವರನ್ನು ಕರೆಸಿದರು. ರಕ್ತನಾಳಕ್ಕೆ ಫಿಲ್ಲರ್ ಹೋಗಿದೆ ಅಂದರು. ಯಾವ ಕಂಪನಿಯದ್ದು ಅಂತ ಪಾರ್ಲರ್‌ಗೆ ಫೋನ್ ಮಾಡಿದರೆ ಅವರಿಗೇ ಗೊತ್ತಿಲ್ಲ. ಬಿಲ್ಲೂ ಇಲ್ಲ. ಕರಗಿಸುವ ಇಂಜೆಕ್ಷನ್ ಕೊಟ್ಟರು, ಅವತ್ತು ರಾತ್ರಿ ಮತ್ತೆ ಮತ್ತೆ ಕೊಟ್ಟರು. ಚರ್ಮ ಉಳಿಯಿತು, ಮೂಗಿನ ಪಕ್ಕ ಸಣ್ಣ ಕಲೆ ಮಾತ್ರ ಉಳಿದಿದೆ. ಒಂದು ದಿನ ಕಾದಿದ್ದರೆ ಚರ್ಮ ಕೊಳೆಯುತ್ತಿತ್ತು ಅಂದರು ಡಾಕ್ಟ್ರು.

ಮಣಿಪಾಲದ ಚರ್ಮತಜ್ಞೆ

ಇದನ್ನು ಎಲ್ಲರೂ ಓದಬೇಕು. ಬೊಟಾಕ್ಸ್ ಮತ್ತು ಫಿಲ್ಲರ್ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಫಿಲ್ಲರ್ ಅಂದರೆ ಜೆಲ್, ಕುಗ್ಗಿದ ಜಾಗವನ್ನು ತುಂಬಿಸುತ್ತದೆ. ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಸಿಡ್, ಅದು ನೀರನ್ನು ಹಿಡಿದಿಡುತ್ತದೆ, ಜಾಗ ಮತ್ತು ಬ್ರ್ಯಾಂಡ್ ನೋಡಿ ಆರು ತಿಂಗಳಿಂದ ಒಂದೂವರೆ ವರ್ಷ ಇರುತ್ತದೆ. ಬೊಟಾಕ್ಸ್‌ನಲ್ಲಿ ಎಡವಟ್ಟಾದರೆ ರೆಪ್ಪೆ ಇಳಿಯಬಹುದು, ಹುಬ್ಬು ಓರೆಯಾಗಬಹುದು. ಬೇಸರದ ವಿಷಯವೇ, ಆದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಸಾಯುತ್ತದೆ, ಅಪರೂಪಕ್ಕೆ ಕಣ್ಣೇ ಹೋಗುತ್ತದೆ. ಮೂಗು ಮತ್ತು ಹುಬ್ಬಿನ ನಡು ಅತ್ಯಂತ ಅಪಾಯದ ಜಾಗಗಳು. ಹಯಲುರಾನಿಡೇಸ್ ಅನ್ನುವ ಇಂಜೆಕ್ಷನ್ ಹಯಲುರಾನಿಕ್ ಆಸಿಡ್ ಫಿಲ್ಲರನ್ನು ಕರಗಿಸುತ್ತದೆ. ಕ್ಯಾಲ್ಸಿಯಂ ಇರುವ ಫಿಲ್ಲರ್ ಅದಕ್ಕೆ ಕರಗುವುದಿಲ್ಲ. "ಹಯಲುರಾನಿಡೇಸ್ ಈಗ ನಿಮ್ಮ ಫ್ರಿಜ್‌ನಲ್ಲಿ ಉಂಟಾ" ಅಂತ ಸೂಜಿಗೆ ಮೊದಲೇ ಕೇಳಿ. ಇಲ್ಲ ಅಂದರೆ ಎದ್ದು ಬನ್ನಿ. ಹಾಕಿದ ಮೇಲೆ ಜೋರು ನೋವು, ಬಿಳಚುವುದು, ನೀಲಿ ಬಲೆ, ಕಣ್ಣು ಮಂಜಾಗುವುದು ಇವುಗಳಲ್ಲಿ ಒಂದು ಕಂಡರೂ ಆ ಗಂಟೆಯೇ ಆಸ್ಪತ್ರೆಗೆ ಹೋಗಿ. ಅತ್ತಿಗೆಯವರನ್ನು ನೀವು ಕರೆದುಕೊಂಡು ಹೋದದ್ದು ಬಹಳ ದೊಡ್ಡ ಕೆಲಸ.

ಹಂಪನಕಟ್ಟೆ

ಡಾಕ್ಟ್ರು ಹೌದಾ ಅಂತ ನೋಡುವುದು ಹೇಗೆ? ಎಲ್ಲರೂ ಬಿಳಿ ಕೋಟ್ ಹಾಕಿರುತ್ತಾರೆ, ಬೋರ್ಡಿನಲ್ಲಿ "ಕಾಸ್ಮೆಟಾಲಜಿಸ್ಟ್" ಅಂತ ಇರುತ್ತದೆ.

ಮಣಿಪಾಲದ ಚರ್ಮತಜ್ಞೆ

ಚರ್ಮದವರಾದರೆ ಹೆಸರಿನ ಮುಂದೆ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರಬೇಕು, ಅದೂ ಚರ್ಮ ವಿಭಾಗದಲ್ಲಿ. ಪ್ಲಾಸ್ಟಿಕ್ ಸರ್ಜನ್ ಆದರೆ ಎಂಸಿಎಚ್ ಅಥವಾ ಡಿಎನ್‌ಬಿ. ಕೆಎಂಸಿ ನಂಬರ್ ಕೇಳಿ. ಇಲ್ಲಿ ಕೆಎಂಸಿ ಅಂದರೆ ನಮ್ಮ ಊರಿನ ಆಸ್ಪತ್ರೆ ಅಂತ ತಿಳಿಯಬೇಡಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ. ಕ್ಲಿನಿಕ್‌ಗೂ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ನೋಂದಣಿ ಇರಬೇಕು, ಆ ಪ್ರಮಾಣಪತ್ರ ಗೋಡೆ ಮೇಲೆ ಕಾಣುವ ಹಾಗೆ ಇರಬೇಕು. ಪಾರ್ಲರ್‌ಗೆ ಅದು ಇರುವುದಿಲ್ಲ. ಕಾಸ್ಮೆಟಾಲಜಿಯ ಸಣ್ಣ ಕೋರ್ಸ್ ಮಾಡಿದ ಮಾತ್ರಕ್ಕೆ ಮುಖಕ್ಕೆ ಸೂಜಿ ಹಾಕುವ ಹಕ್ಕು ಬರುವುದಿಲ್ಲ.

ಸುರತ್ಕಲ್ ಹುಡುಗಿ

ಅಬ್ಬಾ. ಬುಕಿಂಗ್ ಕ್ಯಾನ್ಸಲ್ ಮಾಡಿದೆ ಅಕ್ಕ. ಬೆಳ್ಳಗಾಗುವ ಗ್ಲೂಟಾಥಯೋನ್ ಡ್ರಿಪ್ ಹಾಕಿಸಬಹುದಾ, ಅದಕ್ಕೆ ಊತ ಇಲ್ಲ ಅಂತಾರೆ.

ಮಣಿಪಾಲದ ಚರ್ಮತಜ್ಞೆ

ಬೇಡಮ್ಮ. ಬಣ್ಣ ಬದಲಾಯಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ರಕ್ತನಾಳಕ್ಕೆ ಹಾಕುವ ಔಷಧದಿಂದ ಗಂಭೀರ ಅಲರ್ಜಿ ಆಗಬಹುದು. ನಿನ್ನ ಬಣ್ಣ ಚೆನ್ನಾಗಿಯೇ ಇರುತ್ತದೆ. ಹದಿನೈದು ದಿನ ನಿದ್ದೆ ಮಾಡು, ಸನ್‌ಸ್ಕ್ರೀನ್ ಹಚ್ಚು, ಹೊಸ ಕ್ರೀಮ್ ಯಾವುದೂ ಶುರು ಮಾಡಬೇಡ.

ಕಾರ್ಕಳ ಮಾಸ್ಟ್ರು

ವೇಷಧಾರಿಯವರು ಬರೆದದ್ದು ಓದಿದ ಮೇಲೆ ಯಾಕೆ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ಕೇಳುತ್ತೇನೆ, ಸೂಜಿ ಇಲ್ಲದೇ ಆಗುವುದು ಏನೂ ಇಲ್ಲವಾ?

ಮಣಿಪಾಲದ ಚರ್ಮತಜ್ಞೆ

ಉಂಟು ಮಾಸ್ಟ್ರೇ, ಮತ್ತು ಅದನ್ನೇ ಮೊದಲು ಮಾಡಬೇಕು. ಆಸ್ಟ್ರೇಲಿಯಾದ ನಂಬೂರ್ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ನಾಲ್ಕೂವರೆ ವರ್ಷ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದ ಗುಂಪಿನಲ್ಲಿ ಚರ್ಮ ಮುಪ್ಪಾಗುವುದು ಸ್ಪಷ್ಟವಾಗಿ ಕಡಿಮೆ ಇತ್ತು. 2013ರಲ್ಲಿ ಪ್ರಕಟವಾಯಿತು. ನಮ್ಮ ಕರಾವಳಿಯಲ್ಲಿ ಮೋಡ ಇದೆ ಅಂತ ಬಿಡುತ್ತೇವೆ, ಗೆರೆ ಬೀಳಿಸುವ ಯುವಿಎ ಕಿರಣ ಮೋಡ ದಾಟಿ ಬರುತ್ತದೆ, ಗಾಜು ದಾಟಿಯೂ ಬರುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ. ಬೆವರಿದರೆ ಮತ್ತೆ ಹಚ್ಚಬೇಕು. ರಾತ್ರಿ ಟ್ರೆಟಿನಾಯಿನ್ ಕ್ರೀಮ್ ಸಣ್ಣ ಗೆರೆಗೆ ಕೆಲಸ ಮಾಡುತ್ತದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು, ಬಸುರಿಯರು ಹಚ್ಚಬಾರದು, ಡಾಕ್ಟ್ರು ಬರೆದುಕೊಟ್ಟ ಮೇಲೇ ಶುರು ಮಾಡಿ. ಸಿಗರೇಟ್ ಬಿಡಿ. ನಮ್ಮ ಚರ್ಮದಲ್ಲಿ ಗೆರೆಗಿಂತ ಮೊದಲು ಕಪ್ಪು ಕಲೆ, ಕಣ್ಣಿನ ಕೆಳಗೆ ಗುಳಿ ಬರುತ್ತದೆ. ಅದನ್ನು ನೋಡಿ "ಬೊಟಾಕ್ಸ್ ಹಾಕಿ" ಅಂತ ಬರುವವರು ಜಾಸ್ತಿ. ಬೊಟಾಕ್ಸ್‌ನಿಂದ ಕಲೆಯೂ ಹೋಗುವುದಿಲ್ಲ, ಗುಳಿಯೂ ತುಂಬುವುದಿಲ್ಲ.

ಹಂಪನಕಟ್ಟೆ

ಇನ್ಶೂರೆನ್ಸ್ ಸಿಗುತ್ತದಾ?

ಬಿಜೈ ಅಮ್ಮ

ಚಂದಕ್ಕೆ ಮಾಡಿಸುವುದಕ್ಕೆ ಸಿಗುವುದಿಲ್ಲ. ನನಗೆ ಹೇಳಿದ್ದು ಯೂನಿಟ್‌ಗೆ 350 ರೂಪಾಯಿ. ಡಾಕ್ಟ್ರ ಫೀಸ್, ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ವರ್ಷಕ್ಕೆ ಮೂರು ಸಲ ಆಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ.

ಗೆಜ್ಜೆ ಟೀಚರ್, ಕುಂಜಿಬೆಟ್ಟು

ಎಲ್ಲರಿಗೂ ಕೈಮುಗಿದು ನಮಸ್ಕಾರ. ನವರಾತ್ರಿಗೆ ಹೀಗೆಯೇ ಕುಣಿಯುತ್ತೇನೆ. ಡಿಸೆಂಬರ್‌ನ ಶಾಲಾ ವಾರ್ಷಿಕೋತ್ಸವಗಳೆಲ್ಲ ಮುಗಿಯಲಿ, ಜನವರಿಯಲ್ಲಿ ಒಬ್ಬ ಚರ್ಮದ ಡಾಕ್ಟ್ರನ್ನು ನೋಡುತ್ತೇನೆ. ಹಣೆ ಮುಟ್ಟಿಸುವುದಿಲ್ಲ. ಅಲ್ಲಿಯವರೆಗೆ ಸನ್‌ಸ್ಕ್ರೀನ್. ಡಾಕ್ಟ್ರೇ, ಹೋಗುವಾಗ ಅಭಿನಯದ ವಿಡಿಯೋ ತೆಗೆದುಕೊಂಡು ಹೋದರೆ ಅವರಿಗೆ ಪ್ರಯೋಜನ ಆಗುತ್ತದಾ?

ಮಣಿಪಾಲದ ಚರ್ಮತಜ್ಞೆ

ಖಂಡಿತ ತನ್ನಿ. ಬರೀ ಮುಖ ಕಾಣುವ ಹಾಗೆ, ಮೇಕಪ್ ಇಲ್ಲದೇ, ಹಗಲು ಬೆಳಕಿನಲ್ಲಿ, ಕರುಣ ಮತ್ತು ರೌದ್ರ ಎರಡೂ ಇರಲಿ. ಚುಚ್ಚುವ ಜಾಗಕ್ಕೆ ಚುಕ್ಕಿ ಹಾಕುವ ಮೊದಲು ಡಾಕ್ಟ್ರು ಅದನ್ನು ನೋಡಲಿ. ಎರಡು ವಾರದ ನಂತರ ಅದೇ ಎರಡು ರಸ ಮತ್ತೆ ಮಾಡಿ ತೋರಿಸಿ. ಕರುಣದಲ್ಲಿ ಹುಬ್ಬಿನ ಒಳತುದಿ ಏಳುತ್ತಿಲ್ಲ ಅನಿಸಿದರೆ ಎರಡನೇ ಡೋಸ್ ಬೇಡ ಅಂತ ಹೇಳಿಬಿಡಿ.